ಕಾರ್ಯದರ್ಶಿಯ ಜೇಬಿನಿಂದ ಸಂಘದ ಮೇಜಿಗೆ



ನಾವು ಹುಡುಗರಾಗಿದ್ದಾಗ ಊರಿಗೆ ತಂತಿ ಬಂದಿತೆಂದರೆ ಓಣಿಯ ಜನವೆಲ್ಲ ಕಟ್ಟೆಗೆ ಬಂದು ಕೂಡುತ್ತಿತ್ತು. ಅಕ್ಷರ ಬಲ್ಲವರೊಬ್ಬರು ಅದನ್ನು ಬಿಡಿಸಿ ಓದುವವರೆಗೆ ಯಾರಿಗೂ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಆ ತಂತಿ ಸೇವೆ ನಮ್ಮ ದೇಶದಲ್ಲಿ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಅದರ ಮರುತಿಂಗಳೇ, ಆಗಸ್ಟಿನಲ್ಲಿ, ಹೊರದೇಶದಲ್ಲಿ ‘ಟೆಲಿಗ್ರಾಂ’ ಎಂಬ ಅದೇ ಹೆಸರಿನ ಸಂದೇಶದ ಆ್ಯಪ್ ಹುಟ್ಟಿಕೊಂಡಿತು. ವಾಟ್ಸಾಪ್ ಅದಕ್ಕಿಂತ ನಾಲ್ಕು ವರ್ಷ ಹಿರಿಯದು. ಇಂದು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ತೋಟಗಳಲ್ಲಿ ಇವೆರಡರಲ್ಲಿ ಒಂದಾದರೂ ಇಲ್ಲದ ಮನೆಯನ್ನು ಹುಡುಕಬೇಕಾಗಿದೆ. ಆದರೆ ಒಂದು ಮಾತು. ಹಳೆಯ ತಂತಿ ಯಾರ ಹೆಸರಿಗೆ ಬಂದಿತೋ ಅವರ ಕೈ ಸೇರಿ ರುಜು ಬೀಳುತ್ತಿತ್ತು. ಇಂದಿನ ಸಂದೇಶ ಸಂಘದ ಹೆಸರಿಗೆ ಬಂದರೂ ಸಂಘವನ್ನು ಸೇರುತ್ತಿಲ್ಲ, ಕಾರ್ಯದರ್ಶಿಯ ಜೇಬಿನಲ್ಲಿಯೇ ಉಳಿಯುತ್ತಿದೆ. ಈ ಬಾರಿ ಆ ವಿಷಯವನ್ನೇ ತಮ್ಮ ಮುಂದಿಡಬೇಕೆಂದಿದ್ದೇವೆ.

ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳುವುದು ಲೇಸು. ಕಳೆದ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತಿದ್ದಾಗ ನಮ್ಮ ಫೋನು ಜೇಬಿನಿಂದ ಜಾರಿ ತೋಟದ ಕಾಲುವೆಗೆ ಬಿದ್ದಿತು. ಮೇಲೆತ್ತಿ ಒರೆಸಿದರೂ ಮತ್ತೆ ಜೀವ ಬರಲಿಲ್ಲ. ಅದೇ ಬೆಳಿಗ್ಗೆ ಎರಡು ಎಕರೆ ತೋಟದ ಸದಸ್ಯರೊಬ್ಬರು ತಮ್ಮ ಮಗನ ಫೋನಿನಿಂದ ಮಾತಿನ ಸಂದೇಶ ಕಳಿಸಿದ್ದರು: ‘ಈ ವಾರ ನಮ್ಮ ರಾಶಿ ಅಡಿಕೆ ಟೆಂಡರಿಗೆ ಹಚ್ಚಬೇಡ್ರಿ, ಮುಂದಿನ ವಾರ ನೋಡೋಣ.’ ನಾವು ಅದನ್ನು ಕೇಳಿಯೇ ಇರಲಿಲ್ಲ. ಕಚೇರಿಯಲ್ಲಿದ್ದ ಗುಮಾಸ್ತರಿಗೆ ಗೊತ್ತಾಗುವ ದಾರಿಯೂ ಇರಲಿಲ್ಲ. ಅವರ ಮೇಜಿನ ಮೇಲೆ ಕಂಪ್ಯೂಟರ್ ಇತ್ತು, ಇಂಟರ್ನೆಟ್ಟೂ ಇತ್ತು. ಸಂದೇಶ ಮಾತ್ರ ಕಾಲುವೆಯಲ್ಲಿತ್ತು. ಚೀಲಗಳು ಟೆಂಡರಿಗೆ ಹೋದವು, ಬಿಕರಿಯೂ ಆದವು. ಮುಂದಿನ ವಾರ ದರ ಏರಿತು.

ಆ ಸದಸ್ಯರು ಮಗನ ಫೋನು ತಂದು ತೋರಿಸಿದರು. ಸಂದೇಶ ಮುಟ್ಟಿದ ಎರಡು ಗೀಟು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ನಮ್ಮ ಕಡೆ ತೋರಿಸಲು ಏನೂ ಇರಲಿಲ್ಲ. ಅವರು ಸಿಟ್ಟು ಮಾಡಲಿಲ್ಲ. ‘ಸೆಕ್ರೆಟರಿಗೆ ಹೇಳಿದ್ರ ಸಂಘಕ್ಕ ಹೇಳಿದಂಗ ಅಲ್ಲೇನ್ರಿ?’ ಎಂದು ಕೇಳಿದರು ಅಷ್ಟೆ. ಆಡಳಿತ ಮಂಡಳಿ ಕೂಡಿ ಅವರ ನಷ್ಟವನ್ನು ತುಂಬಿಕೊಡುವ ಠರಾವು ಮಾಡಿತು. ಹಣದ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಅಡಿಕೆ ಬೆಳೆಯುವ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಅವರ ಪ್ರಶ್ನೆಗೆ ಉತ್ತರ ಒಂದೇ. ಸಂಘಕ್ಕೆ ಬರುವ ಸಂದೇಶ ಸಂಘದ ದಫ್ತರ. ಕೀರ್ದಿ ಪುಸ್ತಕವನ್ನು ಕಾರ್ಯದರ್ಶಿ ಮನೆಗೆ ಒಯ್ದರೆ ಯಾವ ಸದಸ್ಯರೂ ಒಪ್ಪುವುದಿಲ್ಲ. ಸಂದೇಶಗಳನ್ನು ಮಾತ್ರ ಅವನು ತೋಟಕ್ಕೆ, ಸಂತೆಗೆ, ಬೀಗರ ಮನೆಗೆ ಒಯ್ಯುವುದನ್ನು ಹೇಗೆ ಒಪ್ಪಿದ್ದೇವೆ? 1905ರಲ್ಲಿ ನಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಂದಿನಿಂದ ಈ ಚಳುವಳಿ ನಿಂತಿರುವುದು ಯಾರು ಬೇಕಾದರೂ ತೆರೆದು ನೋಡಬಹುದಾದ ಪುಸ್ತಕಗಳ ಮೇಲೆ. ಕಾರ್ಯದರ್ಶಿಗಳು ಬರುತ್ತಾರೆ, ಹೋಗುತ್ತಾರೆ, ಪುಸ್ತಕ ಉಳಿಯುತ್ತದೆ. ಸಂದೇಶವೂ ಹಾಗೆಯೇ ಉಳಿಯಬೇಕು.

ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಲೆಕ್ಕಪತ್ರಕ್ಕೆಂದು ಹೆಚ್ಚಿನ ಸಂಘಗಳಲ್ಲಿ ಕಂಪ್ಯೂಟರ್ ಬಂದು ಕೂತಿದೆ. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಮಂಜೂರಾತಿ ಕೊಟ್ಟಿತು. ಅದೇ ಯಂತ್ರದಲ್ಲಿ ಸಂದೇಶದ ಆ್ಯಪನ್ನು ತೆರೆದಿಟ್ಟರೆ ಗುಮಾಸ್ತರು ಲೆಕ್ಕ ಬರೆಯುತ್ತಲೇ ಸದಸ್ಯರ ಮಾತನ್ನೂ ನೋಡಬಹುದು. ಆ್ಯಪನ್ನು ಕಂಪ್ಯೂಟರಿಗೆ ಹಾಕಿ, ತೆರೆಯ ಮೇಲೆ ಮೂಡುವ ಚೌಕದ ಗುರುತನ್ನು ಫೋನಿನ ಕ್ಯಾಮೆರಾಕ್ಕೆ ಒಮ್ಮೆ ತೋರಿಸಿದರೆ ಎರಡೂ ಜೋಡಣೆಯಾಗುತ್ತವೆ.

‘ಕ್ಲೌಡ್’ ಎಂಬ ಶಬ್ದಕ್ಕೆ ಹೆದರಬೇಕಾಗಿಲ್ಲ. ಅದು ಮೋಡವೂ ಅಲ್ಲ, ಮಾಯೆಯೂ ಅಲ್ಲ. ಒಣಗಿಸಿದ ಅಡಿಕೆಯನ್ನು ಮನೆಯ ಅಟ್ಟದಲ್ಲಿಟ್ಟರೆ ಮನೆಗೆ ಬಂದೇ ತೆಗೆಯಬೇಕು, ಮನೆ ಸೋರಿದರೆ ಮಾಲು ಕೆಡುತ್ತದೆ. ಗೋದಾಮಿನಲ್ಲಿಟ್ಟು ಪಾವತಿ ಪಡೆದರೆ ಮನೆಗೆ ಏನಾದರೂ ಮಾಲು ಇದ್ದಲ್ಲಿಯೇ ಇರುತ್ತದೆ. ಟೆಲಿಗ್ರಾಂ ಗೋದಾಮಿನ ಪದ್ಧತಿಯದು. ಸಂದೇಶ, ಚಿತ್ರ, ಕಾಗದಪತ್ರಗಳೆಲ್ಲ ಆ ಕಂಪನಿಯ ದೊಡ್ಡ ಕಂಪ್ಯೂಟರುಗಳಲ್ಲಿರುತ್ತವೆ. ಫೋನಿನಲ್ಲಿ ನೋಡಿದರೂ ಅವೇ, ಕಚೇರಿಯಲ್ಲಿ ನೋಡಿದರೂ ಅವೇ. ಫೋನು ನೀರಿಗೆ ಬಿದ್ದರೆ ಹೋಗುವುದು ಫೋನು ಮಾತ್ರ. 2 ಜಿಬಿವರೆಗಿನ ಕಡತವನ್ನು ಒಂದೇ ಸಲಕ್ಕೆ ಕಳಿಸಬಹುದು. ಮಣ್ಣು ಪರೀಕ್ಷೆಯ ವರದಿ, ಸಭೆಯ ನಡಾವಳಿ ಯಾವುದನ್ನಾದರೂ ಎರಡು ವರ್ಷದ ನಂತರವೂ ಹುಡುಕಿ ತೆಗೆಯಬಹುದು.

ವಾಟ್ಸಾಪ್ ಬಹುಮಟ್ಟಿಗೆ ಅಟ್ಟದ ಪದ್ಧತಿಯದು. ಅದರ ಮೂಲ ಫೋನಿನಲ್ಲಿದೆ. 2015ರಿಂದ ಅದನ್ನೂ ಕಂಪ್ಯೂಟರಿನಲ್ಲಿ ನೋಡಬಹುದಾಯಿತು. 2021ರಿಂದ ಫೋನು ಬಂದಾಗಿದ್ದರೂ ಕೆಲವು ದಿನ ಕಂಪ್ಯೂಟರಿನಲ್ಲಿ ಕೆಲಸ ನಡೆಯುವಂತಾಯಿತು. ಆದರೂ ಫೋನೇ ಕೆಟ್ಟರೆ ಹಳೆಯ ಸಂದೇಶ ಪೂರ್ತಿ ಸಿಗುವುದು ಬೇರೆಡೆ ಪ್ರತಿ ತೆಗೆದಿಟ್ಟಿದ್ದರೆ ಮಾತ್ರ. ಸದಸ್ಯರೆಲ್ಲರೂ ವಾಟ್ಸಾಪಿನಲ್ಲಿರುವಾಗ ‘ನೀವು ಅದನ್ನು ಬಿಟ್ಟು ಇದಕ್ಕೆ ಬನ್ನಿ’ ಎನ್ನುವುದು ನ್ಯಾಯವಲ್ಲ. ಅವರು ಎಲ್ಲಿ ಮಾತನಾಡುತ್ತಾರೋ ಅಲ್ಲಿಯೇ ಕೇಳಿಸಿಕೊಳ್ಳೋಣ, ಆದರೆ ಕಚೇರಿಯ ಮೇಜಿನ ಮೇಲೆ ಕೇಳಿಸಿಕೊಳ್ಳೋಣ. ಸಂಘವು ತಾನಾಗಿ ಹೊರಡಿಸುವ ದರಪಟ್ಟಿ, ಸುತ್ತೋಲೆ, ಕಾಗದಪತ್ರಗಳನ್ನು ಮಾತ್ರ ಟೆಲಿಗ್ರಾಮಿನ ಚಾನೆಲ್ಲಿನಲ್ಲಿ ಇಡೋಣ. ಅಲ್ಲಿ ಬರೆಯುವವರು ಸಂಘದವರು ಮಾತ್ರ, ಒಬ್ಬ ಸದಸ್ಯರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ, ಶುಭೋದಯದ ಹೂವಿನ ಚಿತ್ರಗಳ ನಡುವೆ ದರ ಹುಡುಕುವ ಕಷ್ಟವೂ ಇಲ್ಲ.

ದರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಾನಗಲ್ಲ ಕಡೆಯ ಮಾಲು ಶಿರಸಿಯನ್ನು ನೋಡುತ್ತದೆ, ಹಿರೇಕೆರೂರು ಕಡೆಯದು ಶಿವಮೊಗ್ಗವನ್ನು ನೋಡುತ್ತದೆ. ಅಲ್ಲಿಯ ರಾಶಿಯ ದರವೂ ಇಲ್ಲಿಯ ರಾಶಿಯ ದರವೂ ಒಂದೇ ಅಲ್ಲ. ಶಿರಸಿಯಲ್ಲಿ ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದರೆ ಶಿವಮೊಗ್ಗದಲ್ಲಿ ಸರಕು, ಗೊರಬಲು ಎನ್ನುತ್ತಾರೆ. ನಮ್ಮ ಫೋನುಗಳಿಗೆ ಬಂದು ಬೀಳುವ ದರದ ಚಿತ್ರಗಳಲ್ಲಿ ಹಲವಕ್ಕೆ ತಾರೀಖಿಲ್ಲ, ಕೆಲವಕ್ಕೆ ಪೇಟೆಯ ಹೆಸರೂ ಇಲ್ಲ. ಹೋದ ತಿಂಗಳ ಏರಿದ ದರ ನೋಡಿ ಮಾಲು ಹಿಡಿದು ಕುಳಿತವರಿದ್ದಾರೆ. ಹಳೆಯ ಇಳಿದ ದರ ನೋಡಿ ಅವಸರದಲ್ಲಿ ತೋಟವನ್ನು ಖೇಣಿಗೆ ಕೊಟ್ಟು ಕೈ ಹಿಸುಕಿಕೊಂಡವರೂ ಇದ್ದಾರೆ. ಖೇಣಿದಾರನ ಕೈಯಲ್ಲಿ ಇವತ್ತಿನ ದರ, ನಮ್ಮ ಕೈಯಲ್ಲಿ ಎಂಟು ದಿನದ ಹಿಂದಿನ ದರ ಇದ್ದರೆ ವ್ಯವಹಾರದಲ್ಲಿ ಯಾರು ಸೋಲುತ್ತಾರೆಂದು ಹೇಳಬೇಕೆ? ಸವಣೂರಿನ ವೀಳ್ಯದೆಲೆ ಬೆಳೆಗಾರರ ಪಾಡು ಇನ್ನೂ ಬಿಗಿ. ಅಡಿಕೆಯನ್ನಾದರೂ ಹಿಡಿದಿಡಬಹುದು, ಎಲೆ ಕಾಯುವುದಿಲ್ಲ.

ಕಾಫಿ ಬೆಳೆಯುವ ನಮ್ಮ ಮಲೆನಾಡಿನ ಓದುಗರಿಗೂ ಈ ಮಾತು ಸಲ್ಲುತ್ತದೆ. 1990ರ ದಶಕದವರೆಗೆ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿ ಕಂತಿನಲ್ಲಿ ಹಣ ಪಡೆಯುತ್ತಿದ್ದಾಗ ದಿನದ ದರದ ಗೊಡವೆ ಬೆಳೆಗಾರನಿಗಿರಲಿಲ್ಲ. ಮುಕ್ತ ಮಾರಾಟ ಬಂದ ಮೇಲೆ ದಿನವೂ ನೋಡಬೇಕಾಗಿದೆ. ಆದ್ದರಿಂದ ಸಂಘದಿಂದ ಹೊರಡುವ ಪ್ರತಿಯೊಂದು ದರದ ಸಂದೇಶದಲ್ಲಿ ತಾರೀಖು, ಪೇಟೆ, ಮಾಲಿನ ಜಾತಿ, ಕನಿಷ್ಠ, ಗರಿಷ್ಠ ಮತ್ತು ಹೆಚ್ಚಿನ ಮಾಲು ಹೋದ ದರ ಇವಿಷ್ಟೂ ಇರಲೇಬೇಕು. ಇಷ್ಟನ್ನು ಫೋನಿನ ಗುಂಡಿಗಳ ಮೇಲೆ ತಡಕಾಡುತ್ತಾ ದಿನವೂ ತಪ್ಪಿಲ್ಲದೆ ಒತ್ತುವುದು ಕಷ್ಟ. ಮೇಜಿನ ಮುಂದೆ ಕುಳಿತು ಕೀಲಿಮಣೆಯಲ್ಲಿ ಹೊಡೆದರೆ ಐದು ನಿಮಿಷದ ಕೆಲಸ.

ಕಚೇರಿಯವರಿಗೆ ಇಲ್ಲೊಂದು ಸೂಚನೆ. ಹಳೆಯ ನುಡಿ ಅಥವಾ ಬರಹ ಅಕ್ಷರಗಳಲ್ಲಿ ಬರೆದದ್ದನ್ನು ಹಾಗೆಯೇ ಎತ್ತಿ ಸಂದೇಶದಲ್ಲಿ ಹಾಕಿದರೆ ಸದಸ್ಯರ ಫೋನಿನಲ್ಲಿ ಅದು ಅರ್ಥವಿಲ್ಲದ ಗೀಚಿನಂತೆ ಕಾಣುತ್ತದೆ. ಯುನಿಕೋಡಿನಲ್ಲಿಯೇ ಬರೆಯಬೇಕು, ಹಳೆಯ ಕಡತವಿದ್ದರೆ ಪರಿವರ್ತಿಸಿ ಹಾಕಬೇಕು.

ಇನ್ನು ಆಕ್ಷೇಪಣೆಗಳು. ‘ನಮ್ಮ ಮಾತನ್ನೆಲ್ಲ ಯಾವುದೋ ದೇಶದ ಗೋದಾಮಿನಲ್ಲಿಡುವುದು ಸುರಕ್ಷಿತವೇ?’ ಎಂದು ಕೆಲವು ಹಿರಿಯರು ಕೇಳಿದ್ದಾರೆ. ಯೋಗ್ಯವಾದ ಪ್ರಶ್ನೆ. ವಾಟ್ಸಾಪಿನಲ್ಲಿ ಸಂದೇಶಕ್ಕೆ ಹಾಕುವ ಬೀಗದ ಕೀಲಿ ಕಳಿಸಿದವರ ಮತ್ತು ಪಡೆದವರ ಬಳಿ ಮಾತ್ರ ಇರುತ್ತದೆ. ಟೆಲಿಗ್ರಾಮಿನ ಸಾಮಾನ್ಯ ಸಂದೇಶಗಳಿಗೆ ಆ ಬಗೆಯ ಬೀಗವಿಲ್ಲ. ಗೋದಾಮಿನವರ ಬಳಿಯೂ ಕೀಲಿಯಿದೆ. ಆದ್ದರಿಂದ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಪುಟ, ಓಟಿಪಿ ಇವನ್ನು ಅಲ್ಲಿ ಕಳಿಸಲೇಬಾರದು. ಪೇಟೆಯ ದರಕ್ಕೆ, ಸುತ್ತೋಲೆಗೆ ಗುಟ್ಟಿನ ಅಗತ್ಯವಿಲ್ಲ. ಇನ್ನೊಂದು ಎಚ್ಚರ: ಟೆಲಿಗ್ರಾಮಿನಲ್ಲಿ ಇಬ್ಬರ ನಡುವಿನ ಮಾತನ್ನು ಒಬ್ಬರು ಅಳಿಸಿದರೆ ಇಬ್ಬರ ಕಡೆಯಿಂದಲೂ ಅಳಿಯುವಂತೆ ಮಾಡಬಹುದು. ಹಾಗಾಗಿ ಮಾಲಿನ ಮಾರಾಟದ ಬಗ್ಗೆ ಸದಸ್ಯರು ಕೊಟ್ಟ ಸೂಚನೆ ಯಾವ ಆ್ಯಪಿನಲ್ಲಿಯೇ ಬರಲಿ, ಅದೇ ದಿನ ರಿಜಿಸ್ಟರಿಗೆ ಏರಬೇಕು. ಕಾಗದಕ್ಕೆ ಸಮನಾದ ಸಾಕ್ಷಿ ನಮಗೆ ಇನ್ನೂ ಕಂಡಿಲ್ಲ.

ಸಿಮ್ಮಿನ ವಿಷಯವೂ ಇದೆ. 2025ರ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ಸಂದೇಶದ ಆ್ಯಪುಗಳು ಚಾಲ್ತಿಯ ಸಿಮ್ಮಿಗೆ ಕಟ್ಟುಬಿದ್ದೇ ನಡೆಯಬೇಕು, ಕಂಪ್ಯೂಟರಿನ ವೆಬ್ ಜೋಡಣೆ ಆರು ಗಂಟೆಗೊಮ್ಮೆಯಾದರೂ ಬಿಟ್ಟು ಪುನಃ ಫೋನಿನಿಂದ ಜೋಡಿಸುವಂತಿರಬೇಕು ಎಂದು ಕಂಪನಿಗಳಿಗೆ ನಿರ್ದೇಶನ ಕೊಟ್ಟಿತು. ನಂಬರು ಕಾರ್ಯದರ್ಶಿಯ ಸ್ವಂತದ್ದಾದರೆ ಅವನು ಶಿರಸಿಗೆ ಹೋದ ದಿನ ಕಚೇರಿಯ ಜೋಡಣೆ ಬಿಟ್ಟುಹೋದರೆ ಮತ್ತೆ ಜೋಡಿಸುವವರಿಲ್ಲ. ರೀಚಾರ್ಜ್ ಮಾಡದೆ ಬಿಟ್ಟ ನಂಬರು ಕ್ರಮೇಣ ಬೇರೆಯವರ ಪಾಲಾಗುತ್ತದೆ, ಅದರೊಂದಿಗೆ ಸಂಘದ ಖಾತೆಯೂ ಕೈಬಿಡುವ ಭಯವಿದೆ. ಸಂಘಕ್ಕೆ ತನ್ನದೇ ಸಿಮ್ಮು, ತನ್ನದೇ ಸಾದಾ ಫೋನು ಬೇಕು. ಅದು ತಿಜೋರಿಯ ಬೀಗದ ಕೈಯಂತೆ ಕಚೇರಿಯಲ್ಲಿಯೇ ಇರಬೇಕು.

ಮೋಸಗಾರರನ್ನೂ ಮರೆಯುವಂತಿಲ್ಲ. ಮದುವೆಯ ಕರೆಯೋಲೆ, ಸರ್ಕಾರದ ಸಹಾಯಧನ ಎಂದು ಹೇಳಿ ‘ಏಪಿಕೆ’ ಎಂದು ಕೊನೆಯಾಗುವ ಕಡತ ಕಳಿಸುವವರಿದ್ದಾರೆ. ಒತ್ತಿದರೆ ಫೋನೇ ಅವರ ಕೈವಶವಾದೀತು. ಹಣ ದ್ವಿಗುಣ ಮಾಡಿಕೊಡುವ ಗುಂಪುಗಳಂತೂ ಟೆಲಿಗ್ರಾಮಿನಲ್ಲಿ ಹೇರಳ. ಸಂಘವು ಎಂದೂ ಸಂದೇಶದಲ್ಲಿ ಓಟಿಪಿ ಕೇಳುವುದಿಲ್ಲ, ಏಪಿಕೆ ಕಳಿಸುವುದಿಲ್ಲ. ಮೋಸ ಹೋದಿರೆಂದು ಅನುಮಾನ ಬಂದ ಕೂಡಲೇ 1930ಕ್ಕೆ ಕರೆ ಮಾಡಿರಿ. ತಡ ಮಾಡಿದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗುತ್ತದೆ.

ಬರುವ ಸಭೆಯ ಮುಂದೆ ನಾವು ಇಡಬಯಸುವ ಸಲಹೆಗಳು ಇವು:

1. ಸಂಘದ ಹೆಸರಿನಲ್ಲಿ ಒಂದು ಸಿಮ್ಮು ಮತ್ತು ಫೋನು. ಅದರ ರೀಚಾರ್ಜ್ ಸಂಘದ ಖರ್ಚು.

2. ಆ ನಂಬರಿನ ವಾಟ್ಸಾಪ್, ಟೆಲಿಗ್ರಾಂ ಎರಡೂ ಕಚೇರಿಯ ಕಂಪ್ಯೂಟರಿನಲ್ಲಿ ಕೆಲಸದ ವೇಳೆಯಲ್ಲಿ ತೆರೆದಿರಬೇಕು. ಎರಡು ಹಂತದ ಗುಪ್ತಪದ ಹಾಕಿ, ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿ ಅಧ್ಯಕ್ಷರ ವಶದಲ್ಲಿಡಬೇಕು.

3. ಖಾತೆಯು ಯಾವ ಯಾವ ಯಂತ್ರಗಳಲ್ಲಿ ತೆರೆದಿದೆ ಎಂಬ ಪಟ್ಟಿಯನ್ನು ವಾರಕ್ಕೊಮ್ಮೆ ನೋಡಿ, ಗುರುತಿಲ್ಲದ್ದನ್ನು ಮುಚ್ಚಬೇಕು. ಬೇರೆ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆಯಬಾರದು.

4. ಮಾರಾಟದ ಸೂಚನೆ ಬಂದ ದಿನವೇ ರಿಜಿಸ್ಟರಿಗೆ ಬರೆದು, ಸದಸ್ಯರಿಗೆ ‘ನಮೂದಾಗಿದೆ’ ಎಂಬ ಉತ್ತರವನ್ನು ಕ್ರಮಾಂಕದೊಂದಿಗೆ ಕಳಿಸಬೇಕು. ಆ ಉತ್ತರ ಬರುವವರೆಗೆ ಸೂಚನೆ ಮುಟ್ಟಿಲ್ಲವೆಂದು ಸದಸ್ಯರು ತಿಳಿದು ಕಚೇರಿಗೆ ಫೋನ್ ಮಾಡಬೇಕು.

5. ದರಪಟ್ಟಿಯನ್ನು ದಿನವೂ ಛಾಪಿಸಿ ಕಚೇರಿಯ ಫಲಕಕ್ಕೆ ಹಚ್ಚಬೇಕು. ಮಹಾಸಭೆಯ ನೋಟೀಸು ಬೈಲಾ ಹೇಳಿದ ರೀತಿಯಲ್ಲಿಯೇ ಹೋಗಬೇಕು, ಸಂದೇಶ ಅದಕ್ಕೆ ಬದಲಿಯಲ್ಲ.

ಐದನೆಯದನ್ನು ಕೊನೆಗೆ ಬರೆದಿದ್ದರೂ ನಮಗದು ಮೊದಲಿನಷ್ಟೇ ಮುಖ್ಯ. ದೊಡ್ಡ ಫೋನು ಇಲ್ಲದ, ಇದ್ದರೂ ಓದಲು ಬಾರದ ಸದಸ್ಯರು ನಮ್ಮಲ್ಲಿದ್ದಾರೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ತೋಟ ನೋಡಿಕೊಳ್ಳುವ ತಾಯಂದಿರಿದ್ದಾರೆ. ಅವರ ಶೇರೂ ನಮ್ಮ ಶೇರಿನಷ್ಟೇ ತೂಕದ್ದು. ಅವರು ಬಂದು ಬಾಯಿಂದ ಹೇಳಿದ ಮಾತು ಕೂಡ ಅದೇ ರಿಜಿಸ್ಟರಿನಲ್ಲಿ, ಅದೇ ಕ್ರಮಾಂಕದಲ್ಲಿ ಏರಬೇಕು.

ಕಾರ್ಯದರ್ಶಿಗೆ ಹೇಳಿದ್ದು ಸಂಘಕ್ಕೆ ಹೇಳಿದಂತಲ್ಲವೇ ಎಂದು ಆ ಸದಸ್ಯರು ಕೇಳಿದ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದೆ ಯಾವ ಸದಸ್ಯರಿಗೂ ಅದನ್ನು ಕೇಳುವ ಪ್ರಸಂಗ ಬರಬಾರದು. ಬಾಂಧವರು ಈ ಸಲಹೆಗಳನ್ನು ಓದಿ ತಮ್ಮ ಅಭಿಪ್ರಾಯವನ್ನು ಸಭೆಗೆ ಮೊದಲು ಕಚೇರಿಗೆ ತಿಳಿಸಬೇಕೆಂದು ವಿನಂತಿ. ಕಾಗದ ಬರೆದರೂ ಸರಿ, ಸಂದೇಶ ಕಳಿಸಿದರೂ ಸರಿ, ಬಂದು ಕುಳಿತು ಚಹಾ ಕುಡಿಯುತ್ತಾ ಹೇಳಿದರೆ ಇನ್ನೂ ಸಂತೋಷ.

— ಕಾರ್ಯದರ್ಶಿ