ಕೋವಿ ಉಂಟು, ತೋಟೆ ಇಲ್ಲ: ಬೆಳೆ ಕಾಯುವವರ ಲೆಕ್ಕ ತಪ್ಪುವುದು ಎಲ್ಲಿ?

ಕುಂದಾಪುರ: ಗದ್ದೆಯಲ್ಲಿ ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿ, ತೆಂಗಿನ ಮರದಲ್ಲಿ ಬೊಂಡ ಬಲಿಯುವ ಮೊದಲೇ ಮಂಗ. ಕೊಲ್ಲೂರು, ಜಡ್ಕಲ್, ಮುದೂರು, ಹೊಸಂಗಡಿ, ಸಿದ್ದಾಪುರ, ಅಮಾಸೆಬೈಲು ಕಡೆಯವರಿಗೆ ಇದು ಸುದ್ದಿಯೇ ಅಲ್ಲ. ಈಗ ಘಟ್ಟದ ಬುಡ ಬಿಟ್ಟು ಚೇರ್ಕಾಡಿ, ಕೊಕ್ಕರ್ಣೆಯಂಥ ಬ್ರಹ್ಮಾವರ ತಾಲೂಕಿನ ಊರುಗಳಲ್ಲೂ ಅದೇ ಮಾತು. ಇದರ ಜೊತೆಗೆ ಕೋವಿ ಇಟ್ಟುಕೊಂಡ ರೈತರ ಇನ್ನೊಂದು ಗೋಳು ಆಗಾಗ ಕೇಳುತ್ತದೆ. ಪರವಾನಗಿ ಪುಸ್ತಕ ಸರಿ ಉಂಟು, ಕೋವಿಯೂ ಉಂಟು, ತೋಟೆ ಮಾತ್ರ ಸಿಗುವುದಿಲ್ಲ. ಸಿಕ್ಕಿದರೆ ಬೇಕಾದಷ್ಟು ಸಿಗುವುದಿಲ್ಲ. ಅಷ್ಟೂ ಸಿಕ್ಕಿದರೆ ದರ ಕೇಳಿ ತಲೆ ತಿರುಗುತ್ತದೆ.

ದೂರು ಸುಳ್ಳಲ್ಲ. ಆದರೆ ತೋಟೆ ತುಟ್ಟಿಯಾಗುವುದು ಅಂಗಡಿಯ ಗಲ್ಲಾಪೆಟ್ಟಿಗೆ ಎದುರು ಮಾತ್ರ ಅಲ್ಲ.

ತೋಟೆ ಬರುವುದು ಎಲ್ಲಿಂದ?

ನಮ್ಮ ಕಡೆ ಬೆಳೆ ರಕ್ಷಣೆಗೆ ಇರುವ ಕೋವಿ ಹೆಚ್ಚಾಗಿ ಎರಡು ಬಗೆ. ಒಂದು, ನಳಿಕೆಯ ಬಾಯಿಂದ ಮದ್ದು ತುಂಬಿಸುವ ಹಳೇ ಕೇಪಿನ ಕೋವಿ. ಇನ್ನೊಂದು, 12 ಬೋರಿನ ಒಂಟಿ ಅಥವಾ ಜೋಡು ನಳಿಕೆಯ ತೋಟೆ ಕೋವಿ. ಈ 12 ಬೋರಿನ ತೋಟೆ ಎಂದರೆ ದೇಶದಲ್ಲಿ ಬಹುಕಾಲ ಒಂದೇ ಹೆಸರು: ಪುಣೆ ಬಳಿಯ ಖಡ್ಕಿಯ ಸರಕಾರಿ ಕಾರ್ಖಾನೆಯ 'ಶಕ್ತಿಮಾನ್'. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ ರದ್ದಾಗಿ ಏಳು ಸರಕಾರಿ ಕಂಪನಿಗಳಾದವು. ಖಡ್ಕಿ ಕಾರ್ಖಾನೆ ಅದರಲ್ಲಿ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಪಾಲಿಗೆ ಬಂತು. ಈ ಕಂಪನಿಯ ದೊಡ್ಡ ಗಿರಾಕಿ ಸೇನೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಜಗತ್ತಿನಾದ್ಯಂತ ಮದ್ದುಗುಂಡಿಗೂ ಅದರ ಕಚ್ಚಾವಸ್ತುವಿಗೂ ಬೇಡಿಕೆ ಏರಿದೆ. ಹಂದಿ ಓಡಿಸಲು 25 ತೋಟೆ ಕೇಳುವ ಜಡ್ಕಲ್ಲಿನ ರೈತ ಆ ಸಾಲಿನ ಎಲ್ಲಿ ನಿಂತಿರಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹೊರದೇಶದಿಂದ ತರಿಸಿಕೊಳ್ಳುವುದು ಸಾಮಾನ್ಯ ರೈತನ ಕೈಗೆ ಎಟಕುವ ದಾರಿಯಲ್ಲ. ಪರವಾನಗಿ ಇರುವ ಮದ್ದುಗುಂಡಿನ ಅಂಗಡಿಗಳೂ ಪ್ರತಿ ಪೇಟೆಯಲ್ಲಿ ಇಲ್ಲ. ಕೇಪಿನ ಕೋವಿಯವರ ಪಾಡು ಇನ್ನೂ ಕಷ್ಟ. ಕೋವಿಮದ್ದಿಗೆ ಸ್ಫೋಟಕ ಕಾನೂನಿನ ಕಟ್ಟುಪಾಡೂ ಸೇರುವುದರಿಂದ ಅದನ್ನು ದಾಸ್ತಾನು ಇಡುವವರು ಕಡಿಮೆ.

ಒಂದು ತೋಟೆಯ ನಿಜವಾದ ಬೆಲೆ

ದರ ಅಂಗಡಿಯಿಂದ ಅಂಗಡಿಗೆ ಬೇರೆ. ಲೆಕ್ಕಕ್ಕೆ ಮಾತ್ರ, ಒಂದು ತೋಟೆಗೆ 100 ರೂಪಾಯಿ ಎಂದು ಇಟ್ಟುಕೊಳ್ಳಿ. ಬಸ್ಸು, ಊಟ, ಒಂದು ದಿನದ ಕೆಲಸ ಕಳೆದದ್ದು ಎಲ್ಲ ಸೇರಿ 1000 ರೂಪಾಯಿ. 25 ತೋಟೆ ಸಿಕ್ಕಿದರೆ ಒಟ್ಟು 3500, ಅಂದರೆ ಒಂದಕ್ಕೆ 140 ಬಿತ್ತು. ಅಂಗಡಿಯವರು 'ಸ್ಟಾಕ್ ಕಮ್ಮಿ, ಹತ್ತು ಕೊಡ್ತೆ' ಎಂದರೆ ಒಟ್ಟು 2000, ಒಂದಕ್ಕೆ 200. ಅಂಗಡಿಯ ದರ ಒಂದು ಪೈಸೆ ಏರಿಲ್ಲ. ಏರಿದ್ದು ತಿರುಗಾಟದ ಖರ್ಚು. ಕೊರತೆ ಇದ್ದಾಗ ಬಡ ರೈತನಿಗೆ ಪೆಟ್ಟು ಬೀಳುವುದು ಹೀಗೆ.

ಹಾಗಾಗಿ ಹೊರಡುವ ಮೊದಲು ಫೋನ್ ಮಾಡಿ ಸ್ಟಾಕ್ ಕೇಳುವುದೇ ಮೊದಲ ಉಳಿತಾಯ. ಎರಡನೆಯದು, ಊರಿನ ನಾಲ್ಕಾರು ಪರವಾನಗಿದಾರರು ಒಂದೇ ಗಾಡಿಯಲ್ಲಿ ಹೋಗುವುದು. ಆದರೆ ಎಲ್ಲರ ಪುಸ್ತಕ ಒಬ್ಬನ ಕೈಲಿ ಕೊಟ್ಟು 'ನಮ್ದೂ ತಕಂಡ್ ಬಾ' ಅನ್ನುವ ಹಾಗಿಲ್ಲ. ತೋಟೆ ಮಾರಾಟ ಆಯಾ ಪುಸ್ತಕದ ಮೇಲೆ, ಆಯಾ ಪರವಾನಗಿದಾರನಿಗೆ. ಉಳಿದ ತೋಟೆಯನ್ನು ನೆರೆಮನೆಯವನಿಗೆ ಕೈಗಡ ಕೊಡುವುದೂ ಬೇಡ. ಅಕ್ಕಿ, ಸಕ್ಕರೆಯ ಹಾಗೆ ಇದು ಬೇಲಿ ದಾಟಿಸುವ ವಸ್ತುವಲ್ಲ.

ಪುಸ್ತಕದಲ್ಲಿ ಎರಡು ಅಂಕಿ ಇರುತ್ತವೆ: ಒಂದೇ ಸಲಕ್ಕೆ ಇಟ್ಟುಕೊಳ್ಳಬಹುದಾದ ತೋಟೆ ಎಷ್ಟು, ವರ್ಷಕ್ಕೆ ಖರೀದಿಸಬಹುದಾದದ್ದು ಎಷ್ಟು. ಅದನ್ನು ಓದದೆ ಪೇಟೆಗೆ ಹೋಗಿ ವಾಪಸು ಬರುವವರು ಇದ್ದಾರೆ. ಸಂಖ್ಯೆ ಸಾಲದಿದ್ದರೆ ಹೆಚ್ಚಿಸಿಕೊಡಲು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬಹುದು. ಬೆಳೆ ಹಾನಿಯ ಫೋಟೊ, ಆರ್‌ಟಿಸಿ ಜೊತೆಗಿದ್ದರೆ ಮಾತಿಗೆ ತೂಕ ಬರುತ್ತದೆ. ರಾಷ್ಟ್ರೀಯ ದತ್ತಾಂಶದಲ್ಲಿ ಸೇರಿ ಯುಐಎನ್ ಸಂಖ್ಯೆ ಪಡೆಯದ ಹಳೇ ಪುಸ್ತಕ ಹಿಡಿದು ಹೋದರೆ ತೋಟೆ ಸಿಗುವುದು ಹಾಗಿರಲಿ, ಪುಸ್ತಕವೇ ಪ್ರಶ್ನೆಗೆ ಬರುತ್ತದೆ.

ಇನ್ನು ಮಳೆ. ನಮ್ಮ ಕರಾವಳಿಯ ಜೂನ್‌–ಜುಲೈ ತಿಂಗಳಲ್ಲಿ ಹಪ್ಪಳವೇ ಮೆತ್ತಗಾಗುವಾಗ ಅಟ್ಟದ ಮೇಲಿಟ್ಟ ತೋಟೆಯ ಕತೆ ಏನು? ತೇವ ಹಿಡಿದ ತೋಟೆ ಹೊಡೆಯದೆ ಇರಬಹುದು, ತಡವಾಗಿಯೂ ಹೊಡೆಯಬಹುದು. ಎರಡನೆಯದು ಹೆಚ್ಚು ಅಪಾಯ. ಕೊರತೆ ಎಂದು ಹಳತನ್ನು ಒಣಗಿಸಿ ಬಳಸುವುದು, ಖಾಲಿ ತೋಟೆಗೆ ಮನೆಯಲ್ಲೇ ಮದ್ದು, ಚರೆ ತುಂಬಿಸುವುದು ಉಳಿತಾಯವಲ್ಲ. ಕೈ ಹೋದರೆ ಆಸ್ಪತ್ರೆ ಬಿಲ್ಲಿನಲ್ಲಿ ಹತ್ತು ವರ್ಷದ ತೋಟೆ ಬರುತ್ತದೆ.

ತೋಟೆ ಸಿಕ್ಕಿತು, ಹೊಡೆಯುವುದು ಯಾರಿಗೆ?

ಇಡೀ ವಿಚಾರದ ಗಂಟು ಇಲ್ಲಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆಂದೇ ಬಾಯಿಂದ ಮದ್ದು ತುಂಬಿಸುವ ಕೋವಿಗೆ ಪರವಾನಗಿ ಕೊಡಲು ಹೇಳುತ್ತದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಕೆಯ ಕೋವಿಗೂ ಕೊಡಬಹುದು. ಅಂದರೆ ಬೆಳೆ ಕಾಯಲು ಕೋವಿ ಬೇಕು ಎಂದು ಸರಕಾರವೇ ಒಪ್ಪಿದೆ.

1972ರ ವನ್ಯಜೀವಿ ಕಾಯ್ದೆ ಬೇರೆಯದೇ ಹೇಳುತ್ತದೆ. ಅದರ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನವಿಲು, ಕಾಡುಕೋಣ ಒಂದನೇ ಪಟ್ಟಿಯಲ್ಲಿವೆ. ನಮ್ಮ ತೋಟಗಳಿಗೆ ನುಗ್ಗುವ ಬಾನೆಟ್ ಮಂಗವೂ ಅಲ್ಲೇ. ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಬೆಳೆಗೆ ಹಾನಿ ಮಾಡುವ ಎರಡನೇ ಪಟ್ಟಿಯ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು 11ನೇ ಕಲಂ ಅಡಿ ಲಿಖಿತ ಅನುಮತಿ ಕೊಡಬಹುದು. ಆ ಕಾಗದ ಇಲ್ಲದೆ ಹೊಡೆದರೆ ಕೋವಿಯ ಪರವಾನಗಿ ರೈತನನ್ನು ಉಳಿಸುವುದಿಲ್ಲ. ಮೂಕಾಂಬಿಕಾ, ಸೋಮೇಶ್ವರ ಅಭಯಾರಣ್ಯಗಳ ಅಂಚಿನ ಊರಿನವರು ಇದನ್ನು ಎರಡು ಸಲ ಓದಿಕೊಳ್ಳುವುದು ಒಳ್ಳೆಯದು.

ಪಕ್ಕದ ಕೇರಳ 2022ರಲ್ಲಿ ಹಂದಿಯ ಮಟ್ಟಿಗೆ ಈ ಅನುಮತಿಯ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರ ಕೈಗೇ ಕೊಟ್ಟಿತು. ಕಾಸರಗೋಡಿನ ಪಂಚಾಯತ್ ಅಧ್ಯಕ್ಷರು ಪರವಾನಗಿ ಇರುವ ಈಡುಗಾರರನ್ನು ಕರೆಸಬಹುದು. ಇಲ್ಲಿ ಮಂಗನಿಗಾಗಿ ಕೇಳಿಬಂದದ್ದು ಕೊಲ್ಲೂರು ಘಟ್ಟದ ಮೇಲಿನ ನಾಗೋಡಿ ಬಳಿ ಮಂಗಗಳ ಪಾರ್ಕಿನ ಪ್ರಸ್ತಾಪ. 2020ರ ಸುಮಾರಿಗೆ ಜೋರಾಗಿ ಕೇಳಿ, ಸ್ಥಳೀಯರ ವಿರೋಧದ ನಡುವೆ ಮಾತಾಗಿಯೇ ಉಳಿಯಿತು. ಮಂಗಗಳಿಗಂತೂ ಪಾರ್ಕ್ ಬೇಕೆಂದು ಅನಿಸಿದ ಹಾಗಿಲ್ಲ, ತೋಟ ಉಂಟಲ್ಲ.

ಹೀಗಾಗಿ ನಮ್ಮ ರೈತನ ತೋಟೆ ಹೆಚ್ಚಾಗಿ ಖರ್ಚಾಗುವುದು ಆಕಾಶಕ್ಕೆ. ಬೇಕಾದದ್ದು ಶಬ್ದ. ಶಬ್ದಕ್ಕಾಗಿ ತೋಟೆ ಸುಡುವುದು ದುಬಾರಿ ದಾರಿ, ಅದೂ ಮಂಗ ನಾಲ್ಕು ದಿನದಲ್ಲಿ ಅಭ್ಯಾಸ ಮಾಡಿಕೊಳ್ಳುವವರೆಗೆ. ಹಂದಿ ಬರುವ ಗದ್ದೆಯಲ್ಲಿ ಆ ದುಡ್ಡು ಸೋಲಾರ್ ಬೇಲಿಗೆ ಹಾಕಿದರೆ ಹೆಚ್ಚು ಕಾಲ ಕೆಲಸಕ್ಕೆ ಬರುತ್ತದೆ. ಮಂಗನಿಗೆ ಬೇಲಿ ಲೆಕ್ಕಕ್ಕಿಲ್ಲ, ಅಲ್ಲಿ ಕೋವಿಯ ಶಬ್ದಕ್ಕೆ ಇನ್ನೂ ಬೆಲೆ ಇದೆ. ಆದ್ದರಿಂದ ಕೊರತೆಯ ದಿನಗಳಲ್ಲಿ ಇರುವ ಹತ್ತು ತೋಟೆಯನ್ನು ಹಂದಿಗೆ ಖರ್ಚು ಮಾಡದೆ ತೆಂಗು, ಅಡಿಕೆ ತೋಟಕ್ಕೆ ಇಟ್ಟುಕೊಳ್ಳುವುದು ಜಾಣತನ.

ಅಂಗಡಿಯವರಿಗೂ ಒಂದು ಮಾತು

ತೋಟೆ ಸಿಗದ ರೈತ ಮುಂದೆ ಹೋಗುವುದು ಹಾರ್ಡ್‌ವೇರ್ ಅಂಗಡಿಗೆ, ಪಟಾಕಿ ಅಂಗಡಿಗೆ. 'ಹ್ವಾಯ್, ಮದ್ದ್ ಇತ್ತಾ?' ಎಂಬ ಪ್ರಶ್ನೆಗೆ ಗುರುತಿನವರೆಂದು ಇಲ್ಲ ಅನ್ನಲಾಗದ ಸಂಕಟ ಅಂಗಡಿಯವರದ್ದು. ಆದರೆ 2019ರ ತಿದ್ದುಪಡಿಯ ನಂತರ ಪರವಾನಗಿ ಇಲ್ಲದೆ ಮದ್ದುಗುಂಡು ಮಾರಿದರೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಜೈಲು. ಪರವಾನಗಿ ಇಲ್ಲದೆ ಇಟ್ಟುಕೊಂಡವರಿಗೆ 2ರಿಂದ 5 ವರ್ಷ. ನೂರು ರೂಪಾಯಿ ವ್ಯಾಪಾರಕ್ಕೆ ಇದು ತೀರಾ ದೊಡ್ಡ ಬಡ್ಡಿ. ಪಟಾಕಿ ಪರವಾನಗಿ ಇರುವವರು ಗರ್ನಾಲು ಮಾರಬಹುದು, ಕೋವಿಮದ್ದು ಮಾರುವ ಹಾಗಿಲ್ಲ.

ಪೈಪಿನ ಕಾರ್ಬೈಡ್ ಕೋವಿಯೂ ಈಗ ತೋಟಗಳಲ್ಲಿ ಬಳಕೆಯಲ್ಲಿದೆ. ಅಗ್ಗ, ಶಬ್ದ ಜೋರು. ಹೊತ್ತಿಕೊಂಡಿತಾ ಇಲ್ಲವಾ ಎಂದು ಬಗ್ಗಿ ನೋಡಿದವರ ಕಣ್ಣೇ ಅದರ ಬೆಲೆ. 2025ರ ದೀಪಾವಳಿಯಲ್ಲಿ ಭೋಪಾಲ ಸುತ್ತಮುತ್ತ ಇಂಥದ್ದೇ ಆಟಿಕೆಯಿಂದ ಹಲವು ಮಕ್ಕಳ ಕಣ್ಣಿಗೆ ಗಂಭೀರ ಗಾಯವಾಯಿತು. ಮಕ್ಕಳಿರುವ ಮನೆಗೆ ಇದನ್ನು ಮಾರದಿರುವುದು ಕಾನೂನಿಗಿಂತ ಮನಸ್ಸಾಕ್ಷಿಯ ಪ್ರಶ್ನೆ. ಹಂದಿಗೆಂದು ಗದ್ದೆ ಬದುವಿನಲ್ಲಿ ಸಿಡಿಮದ್ದಿನ ಉಂಡೆ ಇಡುವವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದನ್ನು ಮೊದಲು ಕಚ್ಚುವುದು ಊರಿನ ದನವೋ ನಾಯಿಯೋ.

ಚುನಾವಣೆ ಬಂದರೆ ಕೋವಿಯೂ ಇಲ್ಲ

ತೋಟೆ ಹೊಂದಿಸಿಕೊಂಡವರಿಗೆ ಇನ್ನೊಂದು ಗಂಡಾಂತರ ಚುನಾವಣೆ. 2024ರ ಲೋಕಸಭಾ ಚುನಾವಣೆ ಮಾರ್ಚ್ 16ಕ್ಕೆ ಘೋಷಣೆಯಾಯಿತು, ಎಣಿಕೆ ಜೂನ್ 4ಕ್ಕೆ. ಕುಂದಾಪುರ, ಬ್ರಹ್ಮಾವರದವರು ಉಡುಪಿ–ಚಿಕ್ಕಮಗಳೂರು ಕ್ಷೇತ್ರಕ್ಕೆ ಏಪ್ರಿಲ್ 26ರಂದು ಮತ ಹಾಕಿದರು. ಬೈಂದೂರಿನವರದ್ದು ಶಿವಮೊಗ್ಗ ಕ್ಷೇತ್ರ, ಮತದಾನ ಮೇ 7ರಂದು. ಮತ ಯಾವಾಗ ಹಾಕಿದರೂ, ಠಾಣೆಗೆ ಒಪ್ಪಿಸಿದ ಕೋವಿ ವಾಪಸು ಬರುವುದು ಫಲಿತಾಂಶದ ನಂತರವೇ. ಅದಕ್ಕೂ ಹಿಂದಿನ ವರ್ಷ ವಿಧಾನಸಭೆ. ಹೀಗೆ ಎರಡು ಬೇಸಿಗೆ, ಮಂಗ ಬೊಂಡಕ್ಕೆ ಇಳಿಯುವ ಕಾಲದಲ್ಲೇ, ಕೋವಿ ಮನೆಯಲ್ಲಿ ಇರಲಿಲ್ಲ. ತೋಟೆಗೆ ಕೊಟ್ಟ ದುಡ್ಡು ಅಷ್ಟರಮಟ್ಟಿಗೆ ಸುಮ್ಮನೆ ಕೂತಿತು.

ಎಲ್ಲರೂ ಕೋವಿ ಒಪ್ಪಿಸಲೇಬೇಕು ಎಂದು ಚುನಾವಣಾ ಆಯೋಗದ ಸೂಚನೆಯಲ್ಲಿ ಇಲ್ಲ. ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿ ಇರುವ ಪರಿಶೀಲನಾ ಸಮಿತಿ ಪರವಾನಗಿಗಳನ್ನು ನೋಡಿ, ಜಾಮೀನಿನ ಮೇಲಿರುವವರು, ಕ್ರಿಮಿನಲ್ ಹಿನ್ನೆಲೆಯವರು, ಗಲಭೆ ಪ್ರಕರಣದಲ್ಲಿ ಇದ್ದವರು ಯಾರೆಂದು ತೀರ್ಮಾನಿಸಬೇಕು ಎಂಬುದು ಅದರ ಸಾರ. ಕೇಸಿಲ್ಲದ ರೈತ, ಬೆಳೆ ಹಾನಿಯ ದಾಖಲೆ ಇಟ್ಟುಕೊಂಡು, ವಿನಾಯಿತಿ ಕೋರಿ ಅರ್ಜಿ ಕೊಡಬಹುದು. ಹೆಚ್ಚಿನವರು ಕೊಡುವುದಿಲ್ಲ. ಠಾಣೆಯಿಂದ ಫೋನ್ ಬಂದ ಕೂಡಲೇ ಕೋವಿ ಹೆಗಲಿಗೆ ಹಾಕಿ ಹೊರಡುತ್ತಾರೆ, ಪೊಲೀಸರ ಹತ್ತಿರ ಎಂತಕ್ಕೆ ತಕರಾರು ಎಂದು.

ತಾಲೂಕು, ಜಿಲ್ಲಾ ಪಂಚಾಯತ್‌ಗಳ ಅವಧಿ ಮುಗಿದದ್ದು 2021ರಲ್ಲೇ. ಸ್ಥಳೀಯ ಚುನಾವಣೆ ಘೋಷಣೆಯಾದ ದಿನವೇ ಮತ್ತೆ ಅದೇ ಫೋನ್ ಬರಬಹುದು. ಅರ್ಜಿ ಬರೆಯಲು ಆಗ ಪುರುಸೊತ್ತು ಇರುವುದಿಲ್ಲ. ಪರವಾನಗಿ ಪುಸ್ತಕದ ಪ್ರತಿ, ಆರ್‌ಟಿಸಿ, ಹಾನಿಯ ಫೋಟೊ, ಅರಣ್ಯ ಇಲಾಖೆಗೆ ಪರಿಹಾರಕ್ಕೆ ಕೊಟ್ಟ ಅರ್ಜಿಯ ಸ್ವೀಕೃತಿ, ಈ ನಾಲ್ಕನ್ನು ಈಗಲೇ ಒಂದು ಕವರಿಗೆ ಹಾಕಿಟ್ಟರೆ ಆಯಿತು. ತೋಟೆಯ ಕೋಟಾ ಹೆಚ್ಚಿಸಿ ಎಂದು ಕೇಳುವಾಗಲೂ ಅದೇ ಕವರ್ ಬೇಕಾಗುತ್ತದೆ.