ಆಟಕ್ಕೆ ಯಾವ ಸಂಜೆ?

ಗೆಳೆಯರೆಲ್ಲ ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಕೇರಂ, ಚೌಕಾಬಾರ, ಚದುರಂಗ ಆಡಬೇಕೆಂದು ತೀರ್ಮಾನಿಸಿದರೆ ಸಂತೋಷವೇ. ಆದರೆ ಯಾವ ಸಂಜೆ? ಒಬ್ಬನಿಗೆ ಟ್ಯೂಷನ್, ಇನ್ನೊಬ್ಬಳಿಗೆ ಸಂಗೀತ ಪಾಠ, ಮತ್ತೊಬ್ಬನ ಮನೆಗೆ ನೆಂಟರು. ಈಗಿನ ಮಕ್ಕಳು ಇದಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಮತ ಹಾಕಿಸುತ್ತಾರೆ. 2022ರಲ್ಲಿ ಬಂದ ಸೌಲಭ್ಯ ಅದು. ತರಗತಿಯಲ್ಲಿ ಕೈ ಎತ್ತಿಸುವುದು ಅದರ ಹಳೆಯ ರೂಪ. ಎರಡರಲ್ಲೂ ಒಂದು ಎಡವಟ್ಟು ಅಡಗಿದೆ. ಕಾಗದ ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ.

ಗುಂಪಿನಲ್ಲಿ 9 ಮಂದಿ ಇದ್ದಾರೆ ಎಂದಿಟ್ಟುಕೊಳ್ಳೋಣ. ಒಬ್ಬರಿಗೆ ಒಂದೇ ಮತ. ಶುಕ್ರವಾರಕ್ಕೆ 4, ಭಾನುವಾರಕ್ಕೆ 3, ಶನಿವಾರಕ್ಕೆ 2 ಮತ ಬಿದ್ದವು. ಶುಕ್ರವಾರ ಗೆದ್ದಿತು. ಆದರೆ ಉಳಿದ ಐವರಿಗೆ ಶುಕ್ರವಾರ ಬರಲು ಸಾಧ್ಯವೇ ಇಲ್ಲ. ಹಾಗಾದರೆ ಆಟಕ್ಕೆ ಬರುವವರು ನಾಲ್ವರೇ.

ಈಗ ಪ್ರಶ್ನೆಯನ್ನೇ ಬದಲಿಸಿ. 'ನಿನಗೆ ಯಾವ ದಿನ ಇಷ್ಟ?' ಎನ್ನಬೇಡಿ, 'ಯಾವ ಯಾವ ದಿನ ಬರಬಲ್ಲೆ?' ಎಂದು ಕೇಳಿ. ಶುಕ್ರವಾರದ ನಾಲ್ವರಲ್ಲಿ ಮೂವರು ಶನಿವಾರವೂ ಬರಬಲ್ಲರು. ಭಾನುವಾರದ ಮೂವರಿಗೂ ಶನಿವಾರ ಬಿಡುವಿದೆ. ಶನಿವಾರದ ಇಬ್ಬರಲ್ಲಿ ಒಬ್ಬಳಿಗೆ ಭಾನುವಾರವೂ ಆಗುತ್ತದೆ. ಕೂಡಿದರೆ ಶುಕ್ರವಾರ 4, ಭಾನುವಾರ 4, ಶನಿವಾರ 8! ಕೊನೆಯ ಸ್ಥಾನದಲ್ಲಿದ್ದ ದಿನವೇ ಎಲ್ಲಕ್ಕಿಂತ ಮುಂದೆ ಬಂತು. ಮಕ್ಕಳು ಬದಲಾಗಲಿಲ್ಲ, ಅವರ ಬಿಡುವೂ ಬದಲಾಗಲಿಲ್ಲ. ಬದಲಾದದ್ದು ಕೇಳಿದ ರೀತಿ ಮಾತ್ರ.

ಇದನ್ನು ಒಪ್ಪಿಗೆ ಮತದಾನ ಎನ್ನಬಹುದು. ಸ್ಟೀವನ್ ಬ್ರಾಮ್ಸ್ ಮತ್ತು ಪೀಟರ್ ಫಿಶ್‌ಬರ್ನ್ ಎಂಬ ಅಮೆರಿಕದ ವಿದ್ವಾಂಸರು 1978ರಲ್ಲಿ ಈ ಪದ್ಧತಿಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ವಾಟ್ಸ್‌ಆ್ಯಪ್‌ನಲ್ಲಿ ಹೀಗೆ ಕೇಳಬೇಕಾದರೆ ಒಂದಕ್ಕಿಂತ ಹೆಚ್ಚು ಉತ್ತರ ಕೊಡಲು ಅವಕಾಶವಿರುವಂತೆ ನೋಡಿಕೊಂಡರೆ ಸಾಕು.

ಯಾವ ಆಟ ಎಂಬುದನ್ನೂ ಮತಕ್ಕೆ ಹಾಕಿದರೆ ಇನ್ನೊಂದು ಚೋದ್ಯ ಕಾದಿರುತ್ತದೆ. ಮೂವರಿದ್ದಾರೆ. ಮೊದಲನೆಯವನ ಇಷ್ಟದ ಕ್ರಮ ಕೇರಂ, ಚೌಕಾಬಾರ, ಚದುರಂಗ. ಎರಡನೆಯವಳದು ಚೌಕಾಬಾರ, ಚದುರಂಗ, ಕೇರಂ. ಮೂರನೆಯವನದು ಚದುರಂಗ, ಕೇರಂ, ಚೌಕಾಬಾರ. ಎರಡೆರಡನ್ನೇ ಹೋಲಿಸಿ ನೋಡಿ: ಕೇರಂ ಚೌಕಾಬಾರವನ್ನು 2–1ರಿಂದ ಸೋಲಿಸುತ್ತದೆ, ಚೌಕಾಬಾರ ಚದುರಂಗವನ್ನು ಸೋಲಿಸುತ್ತದೆ, ಚದುರಂಗ ಮತ್ತೆ ಕೇರಂ ಅನ್ನು ಸೋಲಿಸುತ್ತದೆ! ಗಾಣದೆತ್ತಿನಂತೆ ಸುತ್ತುತ್ತಲೇ ಇರಬಹುದು. ಫ್ರಾನ್ಸಿನ ಕಾಂಡೋರ್ಸೆ 1785ರಲ್ಲೇ ಇದನ್ನು ತೋರಿಸಿದ್ದ. ಇಲ್ಲಿ ಯಾರೂ ಹಟಮಾರಿಗಳಲ್ಲ. ಚೀಟಿ ಎತ್ತಿ ಆಟ ಶುರು ಮಾಡುವುದೇ ಜಾಣತನ.

ಮತ ಗುಟ್ಟಾಗಿರದಿದ್ದರೆ ಮತ್ತೊಂದು ತೊಂದರೆ. ಗುಂಪಿನ 'ಲೀಡರ್' ಮೊದಲು ಶುಕ್ರವಾರ ಎಂದುಬಿಟ್ಟರೆ, ಟ್ಯೂಷನ್ ಇದ್ದವನೂ ಸಂಕೋಚದಿಂದ ಶುಕ್ರವಾರವೇ ಎನ್ನುತ್ತಾನೆ, ಆಮೇಲೆ ಬರುವುದಿಲ್ಲ. ತರಗತಿಯಲ್ಲಿ ಇದನ್ನು ಬೇಕಾದಷ್ಟು ಕಂಡಿದ್ದೇನೆ. ಹಾಗಾಗಿ ಚೀಟಿಯಲ್ಲಿ ಬರೆಸುವುದು ನನಗೆ ಈಗಲೂ ಮೆಚ್ಚು. ಸ್ವಂತ ಫೋನಿಲ್ಲದ ಮಕ್ಕಳಿಗೂ ಅದರಿಂದ ಅನುಕೂಲ. ಅಮ್ಮನ ಫೋನು ಕೈಗೆ ಸಿಗುವಷ್ಟರಲ್ಲಿ ಗುಂಪಿನ ನಿರ್ಧಾರವೇ ಮುಗಿದುಹೋಗಿರುತ್ತದೆ.

ಯಾರ ಮನೆಯಲ್ಲಿ ಆಟವೋ ಆ ಮನೆಯ ತಾಯಿಯನ್ನು ಮಾತ್ರ ಮತ ಹಾಕಿಸುವುದಕ್ಕೆ ಮೊದಲೇ ಕೇಳಿಬಿಡಿ. ಎಂಟು ಮಂದಿಗೆ ಚುರುಮುರಿ ಕಲಸುವವರು 'ಆ ದಿನ ಆಗದಪ್ಪ' ಎಂದರೆ ಅದು ಒಂದು ಮತವಲ್ಲ. ಆ ದಿನವನ್ನು ಪಟ್ಟಿಯಿಂದಲೇ ತೆಗೆಯಬೇಕು.

ಇನ್ನು ಆ ಒಂಬತ್ತನೆಯವನು. ಅವನಿಗೆ ಶುಕ್ರವಾರ ಬಿಟ್ಟರೆ ಬೇರೆ ದಿನ ಆಗದು. ಪ್ರತಿ ವಾರವೂ ಲೆಕ್ಕ ಸರಿಯಾಗಿಯೇ ಬರುತ್ತದೆ, ಪ್ರತಿ ವಾರವೂ ಹೊರಗುಳಿಯುವವನು ಅವನೇ. ತಂದೆತಾಯಂದಿರೇ, ಸಂಜೆ ಸುಮ್ಮನೆ ಮನೆಯಲ್ಲಿ ಕುಳಿತ ಆ ಹುಡುಗ ನಿಮ್ಮವನಾಗಿರಬಹುದು. ಎಂಟರ ಬಹುಮತ ಇದನ್ನು ತಾನಾಗಿ ಸರಿಪಡಿಸುವುದಿಲ್ಲ, ಮೊದಲೇ ಒಂದು ನಿಯಮ ಮಾಡಿಕೊಳ್ಳಬೇಕು: ಮೂರು ವಾರ ಶನಿವಾರ, ನಾಲ್ಕನೆಯ ವಾರ ಅವನಿಗೆ ಆಗುವ ದಿನ. ಅಂದು ಬರುವವರು ನಾಲ್ವರೇ ನಿಜ. ಕೇರಂ ಬೋರ್ಡಿನ ಸುತ್ತ ಕೂರುವುದೂ ನಾಲ್ವರೇ ತಾನೆ?