ಕಲಿಕೆಯೂ ಕಾಪೂ

'ಯೋಜನೆ' ಎಂಬ ಶಬ್ದದ ಬುಡದಲ್ಲಿರುವುದು 'ಯುಜ್' ಧಾತು. ಕೂಡಿಸು, ಜೋಡಿಸು ಎಂಬುದು ಅದರ ಅರ್ಥ. ಎತ್ತನ್ನು ನೊಗಕ್ಕೆ ಹೂಡುವುದೂ ಅದೇ ಧಾತುವಿನ ವ್ಯಾಪಾರ. ಹೀಗಿದ್ದೂ ನಮ್ಮ ಸರಕಾರಗಳ ಯೋಜನೆಗಳಲ್ಲಿ ಮಗುವಿನ ಓದು ಒಂದು ಇಲಾಖೆಯ ಕಡತಕ್ಕೂ, ಅದರ ತಾಯಿಯ ಮಾನಪ್ರಾಣಗಳ ರಕ್ಷಣೆ ಇನ್ನೊಂದು ಇಲಾಖೆಯ ಕಡತಕ್ಕೂ ಹಂಚಿಹೋಗಿವೆ. ಮಗು ಶಾಲೆ ಬಿಟ್ಟರೆ ಉತ್ತರ ಹೇಳಬೇಕಾದವರು ಶಿಕ್ಷಣ ಇಲಾಖೆಯವರು. ತಾಯಿ ಏಟು ತಿಂದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು. ಆಡಳಿತದ ಅನುಕೂಲಕ್ಕೆ ಈ ವಿಭಜನೆ ಬೇಕಾಗಿರಬಹುದು. ಆದರೆ ಆ ತಾಯಿಮಕ್ಕಳು ಇರುವುದು ಒಂದೇ ಸೂರಿನ ಕೆಳಗೆ. ಒಬ್ಬರ ಸಂಕಟ ಇನ್ನೊಬ್ಬರ ಪುಸ್ತಕದ ಚೀಲವನ್ನು ಮೂಲೆಗೆ ಸೇರಿಸುವುದೂ ಅಲ್ಲಿಯೇ.

ಇದರ ಸ್ವರೂಪವನ್ನು ತಿಳಿಯಲು ಗುಳೆಯನ್ನು ನೋಡಿದರೆ ಸಾಕು. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರಗಳ ಬೆದ್ದಲು ನೆಲದ ಊರುಗಳಲ್ಲಿ ಮುಂಗಾರಿನ ಕೆಲಸ ಮುಗಿದು ಚಳಿ ಬೀಳತೊಡಗಿತೆಂದರೆ ಮನೆಗಳಿಗೆ ಬೀಗ ಬೀಳುತ್ತದೆ. ಕೆಲವರು ಕಬ್ಬು ಕಡಿಯಲು, ಕೆಲವರು ಇಟ್ಟಿಗೆ ಭಟ್ಟಿಗೆ, ಹೆಚ್ಚಿನವರು ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಗಂಡುಮಗನನ್ನು ಅಜ್ಜಿಯ ಬಳಿ ಬಿಟ್ಟುಹೋಗಬಹುದು. ಹನ್ನೆರಡು ಹದಿಮೂರರ ಹೆಣ್ಣುಮಗಳನ್ನು ಬಿಡಲು ತಾಯಿಗೆ ಧೈರ್ಯವಾಗದು. ಜೊತೆಗೆ ಕರೆದೊಯ್ದರೆ ಶಾಲೆ ತಪ್ಪುತ್ತದೆ. ಕೆಲಸದ ಜಾಗದ ತಗಡಿನ ಗುಡಿಸಲಿನಲ್ಲಿ ಆಕೆಗೆ ಭದ್ರತೆಯೂ ಇಲ್ಲ. ಮೂರನೆಯ ದಾರಿಯೊಂದು ಉಳಿದಿದೆ: ಹೊರಡುವ ಮುನ್ನವೇ ಮದುವೆ ಮಾಡಿಬಿಡುವುದು. ಹೀಗೆ ಮಾಡುವ ತಂದೆತಾಯಿಗಳನ್ನು ನಾವು ಅಜ್ಞಾನಿಗಳೆಂದು ಕರೆದು ಕೈತೊಳೆದುಕೊಳ್ಳುತ್ತೇವೆ. ಅವರಿಗೆ ಓದಿನ ಬೆಲೆ ತಿಳಿಯದೆಂದಲ್ಲ. ಮಗಳ ರಕ್ಷಣೆಗೆ ಅವರ ಕೈಗೆಟುಕಿದ ಸಾಧನ ಅದೊಂದೇ. ನೆರೆಯ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿದೆ. ಅಲ್ಲಿ ಕಬ್ಬು ಕಡಿಯುವ ಗಂಡಹೆಂಡಿರ ಜೋಡಿಗೆ 'ಕೊಯ್ತಾ' ಎಂದು ಹೆಸರು, ಎಂದರೆ ಕುಡುಗೋಲು. ಮುಂಗಡ ಹಣ ದೊರೆಯುವುದು ಜೋಡಿಗೆ. ಹುಡುಗನಿಗೆ ಜೋಡಿ ಬೇಕೆಂದು ಹುಡುಗಿಯ ಕೊರಳಿಗೆ ತಾಳಿ ಬೀಳುತ್ತದೆ. ಇಬ್ಬರು ಮನುಷ್ಯರಿಗೆ ಒಂದು ಕುಡುಗೋಲಿನ ಹೆಸರಿಟ್ಟ ಆ ವ್ಯವಹಾರಭಾಷೆಯ ನಿಷ್ಠುರತೆಗೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಇಂಥ ಹುಡುಗಿಯನ್ನು ನಮ್ಮ ಶಾಲೆಯ ಹಾಜರಿಪುಸ್ತಕ ಹೇಗೆ ಕಾಣುತ್ತದೆ? ಕೇಂದ್ರ ಸರಕಾರದ ವ್ಯಾಖ್ಯೆಯಂತೆ ಮುನ್ಸೂಚನೆಯಿಲ್ಲದೆ 45 ದಿನ ಗೈರುಹಾಜರಾದ ಮಗು ಶಾಲೆಯಿಂದ ಹೊರಗುಳಿದ ಮಗು. ಕರ್ನಾಟಕದಲ್ಲಿ ಅವಧಿ ಇನ್ನೂ ಬಿಗಿಯಾದದ್ದು, 7 ದಿನ. ಪತ್ರಿಕೆಯ ವರದಿಯೊಂದನ್ನು ಆಧರಿಸಿ ರಾಜ್ಯದ ಉಚ್ಚ ನ್ಯಾಯಾಲಯ 2013ರಲ್ಲಿ ತಾನಾಗಿಯೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ ಮೇಲೆ ಎಣಿಕೆಯ ಕೆಲಸಕ್ಕೆ ಚುರುಕು ಬಂದಿತು. ಎಣಿಕೆ ಬೇಡವೆನ್ನುವವರಾರು? ಆದರೆ ಏಳನೆಯ ದಿನ ಮನೆಯ ಬಾಗಿಲಿಗೆ ಹೋದ ಮೇಷ್ಟರಿಗೆ ಕಾಣುವುದು ಬೀಗ. ಮಗು ಬರಲಿಲ್ಲವೆಂಬ ಸಂಗತಿ ಅವರ ಪುಸ್ತಕಕ್ಕೆ ತಿಳಿಯಿತು. ಏಕೆ ಬರಲಿಲ್ಲವೆಂದು ಬರೆಯಲು ಅದರಲ್ಲಿ ಅಂಕಣವಿಲ್ಲ. ಬರೆದರೂ ಅದನ್ನು ಓದಬೇಕಾದ ಅಧಿಕಾರಿ ಬೇರೆ ಇಲಾಖೆಯಲ್ಲಿದ್ದಾನೆ.

ಕಾಯಿದೆಗಳಾದರೂ ಪರಸ್ಪರ ಮಾತನಾಡಿಕೊಳ್ಳುತ್ತವೆಯೇ ಎಂದರೆ ಅದೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕರವರೆಗಿನ ಮಗುವಿನ ಕೈ ಹಿಡಿಯುತ್ತದೆ. ಬಾಲ್ಯವಿವಾಹ ನಿಷೇಧ ಕಾಯಿದೆ ಹುಡುಗಿಯನ್ನು ಹದಿನೆಂಟರವರೆಗೆ ಮಗುವೆಂದು ಬಗೆಯುತ್ತದೆ. ಕರ್ನಾಟಕದ ತಿದ್ದುಪಡಿಯಂತೂ ಅಂಥ ಮದುವೆಯನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರಿದೆ. ನಡುವೆ ಉಳಿದ ನಾಲ್ಕು ವರ್ಷಗಳಲ್ಲಿ ಹುಡುಗಿ ಮದುವೆಯಾಗಕೂಡದು, ಸರಿ, ಏನು ಮಾಡಬೇಕು? ಎಂಟನೆಯ ತರಗತಿ ಮುಗಿದ ಮೇಲೆ ಓದುವುದು ಅವಳ ಕಾಯಿದೆಬದ್ಧ ಹಕ್ಕಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ ಹದಿನಾಲ್ಕು ದಾಟಿದವಳನ್ನು ಅಪಾಯಕಾರಿಯಲ್ಲದ ಕೂಲಿಗೆ ಬಿಡುತ್ತದೆ. ಬೇಡವೆನ್ನುವ ಕಾಯಿದೆ ಹದಿನೆಂಟಕ್ಕೆ, ಬಾ ಎನ್ನುವ ಕಾಯಿದೆ ಹದಿನಾಲ್ಕಕ್ಕೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ, ಅಂದರೆ 2015–16ರಲ್ಲಿ, ಹದಿನೆಂಟಕ್ಕೆ ಮುನ್ನ ಮದುವೆಯಾಗಿದ್ದ ಯುವತಿಯರು ಕರ್ನಾಟಕದಲ್ಲಿ ನೂರಕ್ಕೆ 21.4, 2019–21ರ ಐದನೆಯ ಸುತ್ತಿನಲ್ಲಿ 21.3. ಇಡೀ ದೇಶದ ಅಂಕಿ 26.8ರಿಂದ 23.3ಕ್ಕೆ ಇಳಿದ ಅದೇ ಅವಧಿಯಲ್ಲಿ ನಾವು ನಿಂತಲ್ಲೇ ನಿಂತಿದ್ದೇವೆ. ಅದೇ ಐದನೆಯ ಸುತ್ತಿನಲ್ಲಿ ಗಂಡನಿಂದ ಹಿಂಸೆಗೊಳಗಾದುದಾಗಿ ಹೇಳಿಕೊಂಡ ವಿವಾಹಿತೆಯರು ನಮ್ಮ ರಾಜ್ಯದಲ್ಲಿ ನೂರಕ್ಕೆ 44ಕ್ಕೂ ಹೆಚ್ಚು. ಹಿಂದಿನ ಸುತ್ತಿನಲ್ಲಿ ಆ ಸಂಖ್ಯೆ ಇದರ ಅರ್ಧಕ್ಕೂ ಕಡಮೆ. ಏಟು ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಎಂಬ ತರ್ಕವನ್ನು ಪಂಡಿತರಿಗೆ ಬಿಡೋಣ. ಎರಡರಲ್ಲಿ ಯಾವುದಾದರೂ, ಆ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ.

ಕಲಿಕೆಯನ್ನೂ ಕಾಪನ್ನೂ ಒಟ್ಟಿಗೆ ಕಂಡವರು ನಮ್ಮಲ್ಲಿ ಇಲ್ಲದಿರಲಿಲ್ಲ. ಮಂಗಳೂರಿನ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತೋದ್ಧಾರಕ್ಕೆಂದು ಸಂಸ್ಥೆ ಕಟ್ಟಿದಾಗ ಶಾಲೆಯೊಂದನ್ನು ತೆರೆದು ಸುಮ್ಮನಾಗಲಿಲ್ಲ. ಇರಲು ವಸತಿ, ಕಲಿಯಲು ಕಸುಬು, ಕಟ್ಟಿಕೊಳ್ಳಲು ಮನೆಯ ನಿವೇಶನ ಎಲ್ಲವೂ ಅವರ ಲೆಕ್ಕದಲ್ಲಿದ್ದವು. ತುಂಡುನೆಲವಿಲ್ಲದವನ ಮಗ ಅಕ್ಷರ ಕಲಿತರೂ ಧಣಿಯ ಅಂಗಳಕ್ಕೇ ಮರಳಬೇಕೆಂಬುದು ಅವರಿಗೆ ಗೊತ್ತಿತ್ತು.

ಸಮೀಪಕಾಲದ ನಿದರ್ಶನವೆಂದರೆ ಮಹಿಳಾ ಸಮಖ್ಯಾ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಮೊಳೆತು, ಡಚ್ ಸರಕಾರದ ನೆರವಿನಿಂದ 1989ರಲ್ಲಿ ಕರ್ನಾಟಕ, ಗುಜರಾತ, ಉತ್ತರಪ್ರದೇಶಗಳಲ್ಲಿ ಆರಂಭವಾದ ಈ ಕಾರ್ಯಕ್ರಮದ ವಿನ್ಯಾಸ ವಿಲಕ್ಷಣವಾಗಿತ್ತು. ಶಿಕ್ಷಣ ಇಲಾಖೆಯದಾದರೂ ಅದು ಶಾಲೆಯಿಂದ ತೊಡಗಲಿಲ್ಲ. ಸಹಯೋಗಿನಿಯೆಂಬ ಕಾರ್ಯಕರ್ತೆ ಸುಮಾರು ಹತ್ತು ಹಳ್ಳಿಗಳನ್ನು ಸುತ್ತಿ, ಕೂಲಿಯ ಹೆಂಗಸರನ್ನು ಸಂಜೆ ಒಂದೆಡೆ ಸೇರಿಸಿ, ನಿಮಗೇನು ಬೇಕು ಎಂದು ಕೇಳುವಳು. ಇಂತಿಷ್ಟು ಜನಕ್ಕೆ ಇಂತಿಷ್ಟು ತಿಂಗಳಲ್ಲಿ ಅಕ್ಷರ ಕಲಿಸಬೇಕೆಂಬ ಗುರಿ ಮೇಲಿನಿಂದ ಬರಲಿಲ್ಲ. ಹೆಂಗಸರು ಕೇಳಿದ್ದು ನೀರು, ಪಡಿತರ, ಸರಿಯಾದ ಕೂಲಿ. ಆಮೇಲೆ ಕುಡಿದು ಬಂದು ಹೊಡೆಯುವ ಗಂಡನ ವಿಷಯ. ಅದೂ ಆದ ಮೇಲೆ ಮಗಳ ಓದು. ಕಚೇರಿಗೆ ಅರ್ಜಿ ಕೊಟ್ಟು, ಅದರಲ್ಲಿ ಬರೆದದ್ದೇನೆಂದು ತಾನೇ ಓದಲಾಗದ ನಾಚಿಕೆಯಿಂದ ಅಕ್ಷರದ ಹಂಬಲ ಹುಟ್ಟಿತು. ಸಂಘದ ಮನೆ ಎಂಬ ಸ್ವಂತದ ಕಟ್ಟಡವೂ ಹಲವೆಡೆ ಎದ್ದಿತು. ಊರಿನಲ್ಲಿ ದೇವರಿಗೆ ಗುಡಿಯುಂಟು, ಗಂಡಸರಿಗೆ ಕಟ್ಟೆಯುಂಟು. ಹೆಂಗಸರು ಕುಳಿತು ಮಾತಾಡಲು ನಾಲ್ಕು ಗೋಡೆ ಆವರೆಗೆ ಇರಲಿಲ್ಲ. ಶಾಲೆ ಬಿಟ್ಟ ಹುಡುಗಿಯರಿಗಾಗಿ ಮಹಿಳಾ ಶಿಕ್ಷಣ ಕೇಂದ್ರಗಳು ಬಂದವು. ಅಲ್ಲಿಯೇ ಇದ್ದು ಓದುವ ವ್ಯವಸ್ಥೆ ಅದು. ಉತ್ತರಪ್ರದೇಶ, ಗುಜರಾತಗಳಲ್ಲಿ ಸಂಘದ ಹೆಂಗಸರೇ ನ್ಯಾಯ ಹೇಳುವ ನಾರಿ ಅದಾಲತ್ ರೂಪುಗೊಂಡಿತು.

ಇದಕ್ಕೆ ಆಕ್ಷೇಪಗಳೂ ಇದ್ದುವು. ನಿಧಾನ, ವಿಸ್ತಾರ ಸಾಲದು, ಫಲವನ್ನು ಅಳೆಯಲಾಗದು ಎಂದರು. ನಿಧಾನವೆಂಬುದು ನಿಜ. ಆದರೆ ಹೊಡೆತವನ್ನು ಹಣೆಬರಹವೆಂದು ನಂಬಿದವಳು ಅದನ್ನು ಅನ್ಯಾಯವೆಂದು ಕರೆಯಲು ಎಷ್ಟು ತ್ರೈಮಾಸಿಕ ವರದಿಗಳ ಕಾಲ ಹಿಡಿಯಬೇಕೆಂದು ನಿಗದಿಪಡಿಸುವವರಾರು? 2016ರಲ್ಲಿ ಕೇಂದ್ರದ ನೆರವು ನಿಂತು, ಕಾರ್ಯಕ್ರಮವನ್ನು ಗ್ರಾಮೀಣ ಜೀವನೋಪಾಯದ ಅಭಿಯಾನದೊಂದಿಗೆ ಬೆಸೆಯುವ ತೀರ್ಮಾನವಾಯಿತು. ಕೇರಳ ತನ್ನ ಬಲದ ಮೇಲೆ ಅದನ್ನು ಉಳಿಸಿಕೊಂಡಿತು. ಜೀವನೋಪಾಯದ ಸಂಘ ಉಳಿತಾಯ ಸಾಲಗಳ ಸಂಘ. ಅದರ ಉಪಯೋಗ ದೊಡ್ಡದೇ, ಆದರೂ ಕಂತು ಕಟ್ಟುವ ದಿನ ಸೇರಿದ ಸಭೆಯಲ್ಲಿ ಬೆನ್ನಿನ ಬಾಸುಂಡೆಯನ್ನು ತೋರಿಸುವವರು ಕಡಮೆ. 2022ರ ಮಿಷನ್ ಶಕ್ತಿಯಲ್ಲಿ ನಾರಿ ಅದಾಲತ್ ಎಂಬ ಹೆಸರು ಮತ್ತೆ ಕಾಣಿಸಿಕೊಂಡಿದೆ. ಬೇರನ್ನು ಕಿತ್ತು ಆರು ವರ್ಷಗಳ ಮೇಲೆ ಹೂವನ್ನು ಅರಸುವುದು ನಮ್ಮ ಆಡಳಿತಕ್ಕೆ ಹೊಸದಲ್ಲ.

2004ರಲ್ಲಿ ಮೊದಲಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳೂ ಇದೇ ವಿವೇಕದ ಫಲ. ಓದು, ಊಟ, ಸೂರುಗಳನ್ನು ಅವು ಒಟ್ಟಿಗೆ ಕೊಡುತ್ತವೆ. ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ವರ್ಗಗಳಿಗೆ ಮುಕ್ಕಾಲು ಪಾಲು ಸ್ಥಾನಗಳು ಮೀಸಲು. 2018ರಿಂದ ಹನ್ನೆರಡನೆಯ ತರಗತಿಯವರೆಗೆ ಅವುಗಳನ್ನು ಬೆಳೆಸಲು ಅವಕಾಶವಿದೆ. ಹದಿನಾಲ್ಕರ ಆ ಕಂದಕಕ್ಕೆ ಇದೊಂದು ಸೇತುವೆಯಾದೀತು.

ವಿನ್ಯಾಸವೆಂದರೆ ಕೋಟಿಗಟ್ಟಲೆಯ ವೆಚ್ಚವೇ ಆಗಬೇಕೆಂದಿಲ್ಲ. ಕರ್ನಾಟಕ ದೇವದಾಸಿ ಪದ್ಧತಿಯನ್ನು 1982ರ ಕಾಯಿದೆಯಿಂದ ನಿಷೇಧಿಸಿತು. ತಾಯಿಯ ವಿಮೋಚನೆ ಕಾಗದದ ಮೇಲೆ ಆಯಿತು. ಅವಳ ಮಗು ಶಾಲೆಗೆ ಬಂದಾಗ ಅರ್ಜಿಯ ನಮೂನೆ ಕೇಳಿದ ಮೊದಲ ಪ್ರಶ್ನೆಗಳಲ್ಲೊಂದು ತಂದೆಯ ಹೆಸರು. ಆ ಒಂದು ಗೆರೆಯ ಮುಂದೆ ತಾಯಿ ತಲೆ ತಗ್ಗಿಸಿದಳು, ಮಗು ತರಗತಿಯ ನಗೆಗೆ ಗುರಿಯಾಯಿತು. ಯಾವ ದುರುದ್ದೇಶವೂ ಇಲ್ಲದೆ ಎಲ್ಲರಿಗೂ ಒಂದೇ ಎಂದು ಅಚ್ಚಾದ ನಮೂನೆಯದು. 2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ವಿಧೇಯಕದಲ್ಲಿ ತಂದೆಯ ಹೆಸರನ್ನು ನಮೂದಿಸುವ ಕಡ್ಡಾಯವನ್ನು ತೆಗೆದು, ಪಿತೃತ್ವವನ್ನು ಸಾಧಿಸಿಕೊಳ್ಳುವ ಹಕ್ಕನ್ನು ಮಕ್ಕಳಿಗೆ ಕೊಟ್ಟಿದೆ. ನಿಷೇಧಕ್ಕೂ ಈ ಒಂದು ಗೆರೆಯ ತಿದ್ದುಪಡಿಗೂ ನಡುವೆ ಕಳೆದದ್ದು ನಲವತ್ತಮೂರು ವರ್ಷ. ಆ ಗೆರೆಯನ್ನು ಬರೆಯುವ ಮುನ್ನ ಅಂಥ ಒಬ್ಬ ತಾಯಿಯನ್ನು ಕರೆದು ಕೇಳಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿದ್ದ ಕೆಲಸ.

ಗುಳೆಯ ಊರುಗಳಲ್ಲಿಯೂ ಕೇಳಬೇಕಾದವರು ಆ ತಾಯಂದಿರೇ. ಮಗಳನ್ನು ಇಲ್ಲಿ ಬಿಟ್ಟುಹೋಗಲು ನಿನಗೇನು ಬೇಕು ಎಂದರೆ ಅವರ ಉತ್ತರದಲ್ಲಿ ಪಠ್ಯಪುಸ್ತಕ ಮೊದಲು ಬರದು. ರಾತ್ರಿ ಚಿಲಕ ಹಾಕಬಹುದಾದ ಕೋಣೆ, ಅಲ್ಲಿ ಮಲಗುವ ಪರಿಚಿತ ಹೆಂಗಸು, ಕತ್ತಲಲ್ಲಿ ಹೊರಗೆ ಹೋಗಬೇಕಿಲ್ಲದ ಶೌಚಾಲಯ, ಊರಿಂದ ದೂರವಿದ್ದಾಗ ಮಗಳ ದನಿ ಕೇಳಿಸುವ ಫೋನು: ಇವು ಬರುತ್ತವೆ. ಗುಳೆ ಹೋದವರ ಮಕ್ಕಳಿಗೆ ಆ ತಿಂಗಳುಗಳ ಮಟ್ಟಿಗೆ ವಸತಿ ಕಲ್ಪಿಸಲು ಸಮಗ್ರ ಶಿಕ್ಷಣ ಕಾರ್ಯಕ್ರಮದಲ್ಲಿ ಅವಕಾಶವೇನೋ ಇದೆ. ಆದರೆ ಸರಕಾರದ ಲೆಕ್ಕದ ವರ್ಷ ಏಪ್ರಿಲಿನಲ್ಲಿ ಮೊದಲಾಗುತ್ತದೆ, ಶಾಲೆಯ ವರ್ಷ ಜೂನಿನ ಹೊತ್ತಿಗೆ. ಗುಳೆಯ ವರ್ಷ ಮೊದಲಾಗುವುದು ದಸರೆ ದೀಪಾವಳಿಗಳ ನಡುವೆ, ಮೇಸ್ತ್ರಿ ಮುಂಗಡದ ಹಣ ಎಣಿಸಿಟ್ಟ ದಿನ. ಆ ಹಣ ಕೈಸೇರುವ ಮುನ್ನ ವಸತಿಯ ಬಾಗಿಲು ತೆರೆದು, ಅಡಿಗೆಯವಳು ಒಲೆ ಹೊತ್ತಿಸಿ, ತಾಯಿ ಒಮ್ಮೆ ಬಂದು ಕೋಣೆಯನ್ನು ಕಣ್ಣಾರೆ ನೋಡಿ ಹೋಗಿರಬೇಕು. ನವೆಂಬರಿನಲ್ಲಿ ಮಂಜೂರಾತಿಯ ಆದೇಶ ಬಂದರೆ ಅದನ್ನು ಓದಿ ಹೇಳಲು ಆ ಕೇರಿಯಲ್ಲಿ ಮುದುಕರಷ್ಟೇ ಉಳಿದಿರುತ್ತಾರೆ.